ಎರಡೂ ಸಮ

2023ರ ಸೆಪ್ಟೆಂಬರ್ ಹನ್ನೊಂದು, ಸೋಮವಾರ, ಮಧ್ಯಾಹ್ನ ಮೂರು ಗಂಟೆ ಹತ್ತು ನಿಮಿಷ. ಮೀನಕ್ಕ ಎಡ ಮೊಣಕೈಯನ್ನು ಕಬ್ಬಿಣದ ಸ್ಟ್ಯಾಂಡಿಗೆ ಆನಿಸಿ, ಬಲಗೈಯನ್ನು ಹದಿನಾರನೇ ತೊಟ್ಟಿಯ ನೀರಿಗೆ ಇಳಿಸಿದಳು. ತಳದಲ್ಲಿ ಕೊಳೆತ ಎಲೆಯೊಂದು ಬಿದ್ದಿತ್ತು, ಅದನ್ನು ತೆಗೆಯಬೇಕಿತ್ತು, ಅಷ್ಟೆ. ಬೆರಳು ಎಲೆಯವರೆಗೆ ಹೋಗಲೇ ಇಲ್ಲ. ನೀರು ಮಣಿಕಟ್ಟಿಗೆ ಬರುತ್ತಿದ್ದಂತೆ ಕೈ ಅವಳ ಮಾತು ಕೇಳುವುದನ್ನು ಬಿಟ್ಟು ತಾನಾಗಿಯೇ ಮುಷ್ಟಿ ಕಟ್ಟಿತು. ಎರಡು ತೋಳುಗಳ ನಡುವೆ, ಎದೆಯ ಒಳಗೆ, ಯಾರೋ ಒದ್ದೆ ಹಗ್ಗ ಹಿಡಿದು ಜಗ್ಗಿದಂತಾಯಿತು. ಒದ್ದೆ ನೆಲದಲ್ಲಿ ಕಾಲು ಜಾರಿದ್ದೇ ಪುಣ್ಯ. ಹಿಂದಕ್ಕೆ ಬಿದ್ದವಳ ಕೈ ನೀರಿನಿಂದ ಈಚೆ ಬಂತು, ಮೊಣಕೈ ಕಬ್ಬಿಣ ಬಿಟ್ಟಿತು.

ಬಕೆಟ್ಟು ಉರುಳಿದ ಸದ್ದಿಗೆ ಶೆಡ್ಡಿನ ಆ ತುದಿಯ ಕುರ್ಚಿಯಿಂದ ಅಪ್ಪ ಕೇಳಿದರು, "ಏನು ಬಿತ್ತು ಮಗಾ?"

ಅವಳು ಬಲಗೈಯನ್ನು ಮಡಿಲಲ್ಲಿ ಇಟ್ಟುಕೊಂಡು ಬೆರಳುಗಳನ್ನು ಒಂದೊಂದಾಗಿ ಬಿಡಿಸಿದಳು. ಎಲ್ಲವೂ ಬಿಚ್ಚಿಕೊಂಡವು. ಎದೆ ಮಾತ್ರ ಢವಢವ ಎನ್ನುತ್ತಿತ್ತು. ಹತ್ತು ನಿಮಿಷದ ಹಿಂದಷ್ಟೇ, ಸರಿಯಾಗಿ ಮೂರಕ್ಕೆ, ಅಪ್ಪ ತಮ್ಮ ಗುಂಡಿ ಒತ್ತಿ, ದೀಪ ನೋಡಿ, ಪ್ರತಿ ಗಂಟೆಯಂತೆ ಗಟ್ಟಿಯಾಗಿ ಹೇಳಿದ್ದರು: "ಎರಡೂ ಸಮ." ಅದನ್ನು ಕೇಳಿಯೇ ಅವಳು ನಿಶ್ಚಿಂತೆಯಿಂದ ನೀರಿಗೆ ಕೈ ಹಾಕಿದ್ದು.

ಆ ಗುಂಡಿ, ಆ ದೀಪ, ಆ ಕುರ್ಚಿ ಮೂರೂ ಅಲ್ಲಿಗೆ ಬಂದದ್ದು ಒಂದು ತಿಂಗಳ ಹಿಂದೆ.

ಮೀನಕ್ಕ ಎಂದು ಬೀದಿಯವರು ಕರೆಯುವುದು ಅವಳು ಅಲಂಕಾರದ ಮೀನು ಸಾಕುತ್ತಾಳೆಂದು. ಮನೆಯ ಹಿಂದಿನ ಉದ್ದನೆಯ ಶೆಡ್ಡಿನಲ್ಲಿ ನಾಲ್ಕು ಸಾಲು ಗಾಜಿನ ತೊಟ್ಟಿಗಳು. ಪ್ರತಿ ತೊಟ್ಟಿಗೂ ಗಾಳಿ ಊದುವ ಕೊಳವೆ, ನೀರು ಬೆಚ್ಚಗಿಡುವ ಗಾಜಿನ ಹೀಟರು, ಮತ್ತು ಅರ್ಥಿಂಗ್ ತಂತಿಗೆ ಸೇರಿಸಿದ ಒಂದು ಸ್ಟೀಲ್ ಕಡ್ಡಿ. ಬೀದಿಯ ಕರೆಂಟಿಗೆ ಹೇಳುವವರು ಕೇಳುವವರು ಯಾರೂ ಇಲ್ಲ, ದಿನಕ್ಕೆ ನಾಲ್ಕೈದು ಗಂಟೆ ಇರುವುದಿಲ್ಲ. ಗಾಳಿ ನಿಂತರೆ ಮೀನಿನ ಮರಿಗಳು ಒಂದು ಗಂಟೆ ತಡೆಯುವುದೂ ಕಷ್ಟ. ಅದಕ್ಕೇ ಸೋಲಾರ್ ಕೂರಿಸುವ ಕೆಲಸದ ಅವಳ ಗಂಡ, ಊರಿಗೆಲ್ಲ ಹಾಕುವವನು ತನ್ನ ಮನೆಗೆ ಹಾಕಿಕೊಳ್ಳಲು ಮೂರು ವರ್ಷ ಸತಾಯಿಸಿ, ಕೊನೆಗೂ ಮಹಡಿ ಮೆಟ್ಟಿಲ ಕೆಳಗಿನ ಗೋಡೆಗೆ ಒಂದೇ ಜಾತಿಯ ಎರಡು ಇನ್ವರ್ಟರ್ ಪಕ್ಕಪಕ್ಕ ಕೂರಿಸಿ, ಎರಡನ್ನೂ ಜೋಡಿ ಎತ್ತಿನಂತೆ ಒಂದೇ ನೊಗಕ್ಕೆ ಕಟ್ಟಿದ್ದ.

ಕಟ್ಟುವಾಗ ಅವನು ಹೆಂಡತಿಗೆ ವಿವರಿಸಿದ್ದೂ ಉಂಟು. ಕರೆಂಟು ಒಂದು ತಂತಿಯಲ್ಲಿ ಹೋಗಿ ನ್ಯೂಟ್ರಲ್ ಎಂಬ ಇನ್ನೊಂದು ತಂತಿಯಲ್ಲಿ ಹಿಂದಿರುಗುತ್ತದೆ. ಬೀದಿ ಕರೆಂಟು ಇರುವಾಗ ಆ ನ್ಯೂಟ್ರಲ್ಲನ್ನು ಟ್ರಾನ್ಸ್‌ಫಾರ್ಮರಿನ ಹತ್ತಿರವೇ ನೆಲಕ್ಕೆ ಕಟ್ಟಿರುತ್ತಾರೆ. ಬೀದಿ ಕರೆಂಟು ಹೋಗಿ ಮನೆ ತನ್ನದೇ ಬ್ಯಾಟರಿಯ ಮೇಲೆ ನಿಂತಾಗ ಆ ಗಂಟು ಬಿಚ್ಚಿಹೋಗುತ್ತದೆ, ನ್ಯೂಟ್ರಲ್ ನೆಲದ ಹಂಗಿಲ್ಲದೆ ತೇಲುತ್ತದೆ. ಆಗ ಮನೆಯಲ್ಲೇ ಒಂದು ಗಂಟು ಹಾಕಬೇಕು. ಒಂದೇ. ಎರಡೂ ಇನ್ವರ್ಟರ್ ತಮ್ಮ ತಮ್ಮೊಳಗೆ ಗಂಟು ಹಾಕಿಕೊಂಡರೆ ನ್ಯೂಟ್ರಲ್ಲಿನ ಕರೆಂಟು ಅರ್ಥಿಂಗ್ ತಂತಿಯಲ್ಲೂ ಪಾಲು ಮಾಡಿಕೊಂಡು ಹರಿಯುತ್ತದೆ, ಮುಟ್ಟಬಾರದ ಕಡೆಯೆಲ್ಲ ಓಡಾಡುತ್ತದೆ. ಆದ್ದರಿಂದ ಅವನು ಎರಡರ ಒಳಗಿನ ಗಂಟುಗಳನ್ನೂ ಸೆಟ್ಟಿಂಗಿನಲ್ಲಿ ನಿಲ್ಲಿಸಿ, ಎರಡಕ್ಕೂ ಸೇರಿದ ಡಬ್ಬಿಯಲ್ಲಿ, ಬೀದಿ ಕರೆಂಟು ಹೋದ ಕೂಡಲೇ ಟಕ್ ಎಂದು ಕೂಡುವ ಒಂದೇ ಒಂದು ರಿಲೇ ಇಟ್ಟಿದ್ದ. ಎಲ್ಲಾದರೂ ಕರೆಂಟು ನೆಲಕ್ಕೆ ಸೋರಿದರೆ ಆ ಗಂಟಿನ ದಾರಿಯಲ್ಲಿ ಹಿಂದಿರುಗುತ್ತದೆ, ಶೆಡ್ಡಿನ ಬೋರ್ಡಿನಲ್ಲಿರುವ ಸೋರಿಕೆ ಹಿಡಿಯುವ ಸ್ವಿಚ್ಚು ಹೋದದ್ದಕ್ಕೂ ಬಂದದ್ದಕ್ಕೂ ತಾಳೆಯಾಗಲಿಲ್ಲ ಎಂದು ಕಣ್ಣು ಮಿಟುಕಿಸುವುದರೊಳಗೆ ಬೀಳುತ್ತದೆ.

ಆಗಸ್ಟ್‌ನಲ್ಲಿ ಅದು ಬಿತ್ತು ಕೂಡ. ಒಂದು ಹೀಟರಿನ ಗಾಜು ಬಿರುಕು ಬಿಟ್ಟಿತ್ತು, ಸ್ವಿಚ್ಚು ತನ್ನ ಧರ್ಮದಂತೆ ಬಿತ್ತು, ಇಡೀ ಶೆಡ್ಡಿನ ಗಾಳಿ ನಿಂತಿತು. ಮೀನಕ್ಕ ಅಂಗಡಿಗಳಿಗೆ ಮೀನು ಕೊಡಲು ಹೋಗಿದ್ದಳು. ಗಂಡ ದೂರದ ಊರಿನ ಶಾಲೆಯೊಂದರ ಚಾವಣಿಯ ಕೆಲಸಕ್ಕೆ ಹೋಗಿ ವಾರವಾಗಿತ್ತು. ಮನೆಯಲ್ಲಿದ್ದದ್ದು ಅಪ್ಪ, ಅವರೂ ಊಟ ಮುಗಿಸಿ ಮುಂದಿನ ಕೋಣೆಯಲ್ಲಿ ಅಡ್ಡಾಗಿದ್ದರು. ಪಂಪುಗಳ ಗುಂಯ್ ಸದ್ದು ನಿಂತದ್ದಕ್ಕೆ ಅವರಿಗೆ ಇನ್ನೂ ಸುಖವಾಗಿ ನಿದ್ದೆ ಬಂದಿತ್ತು. ಅವಳು ಬಂದು ನೋಡಿದರೆ ಏಂಜಲ್ ಮೀನಿನ ಮರಿಗಳು, ತಿಂಗಳಾನುಗಟ್ಟಲೆ ಜೋಪಾನ ಮಾಡಿದವು, ಸಣ್ಣ ಬೆಳ್ಳಿ ಗುಂಡಿಗಳಂತೆ ನೀರಿನ ಮೇಲೆ ಬಿದ್ದಿದ್ದವು.

ಅವಳು ಅಪ್ಪನಿಗೆ ಒಂದು ಮಾತೂ ಅನ್ನಲಿಲ್ಲ. ಅದೇ ಅವರಿಗೆ ಹೆಚ್ಚು ಚುಚ್ಚಿತು.

ಅಪ್ಪ ಮೂವತ್ತೊಂದು ವರ್ಷ ಸರಕು ಹಡಗುಗಳಲ್ಲಿ ಎಲೆಕ್ಟ್ರಿಷಿಯನ್ ಆಗಿದ್ದವರು. ಬೀದಿಯವರು ಅವರನ್ನು ಕ್ಯಾಪ್ಟನ್ ಎನ್ನುತ್ತಿದ್ದರು, ಅವರು ಪ್ರತಿ ಸಲವೂ ತಿದ್ದುತ್ತಿದ್ದರು: ಕ್ಯಾಪ್ಟನ್ ಮೇಲಿರೋನು, ದಾರಿ ನೋಡೋನು, ನಾನು ಕೆಳಗಿದ್ದೋನು, ವೈರು ನೋಡೋನು. ಹಡಗಿನಲ್ಲಿ ನ್ಯೂಟ್ರಲ್ಲನ್ನು ನೆಲಕ್ಕೆ ಕಟ್ಟುವುದಿಲ್ಲ. ನೆಲವೆಂದರೆ ಅಲ್ಲಿ ಹಡಗಿನ ಉಕ್ಕಿನ ಮೈ. ಯಾವುದೋ ಮೂಲೆಯ ದೀಪದ ತಂತಿ ಸವೆದು ಉಕ್ಕಿಗೆ ತಾಗಿತೆಂದು, ಬಿರುಗಾಳಿಯ ನಡುವೆ ಚುಕ್ಕಾಣಿಯ ಮೋಟರು ನಿಂತುಬಿಟ್ಟರೆ ಗತಿಯೇನು? ಆದ್ದರಿಂದ ಅಲ್ಲಿ ಮೊದಲ ಸೋರಿಕೆಗೆ ಯಾವುದೂ ನಿಲ್ಲುವುದಿಲ್ಲ. ಬದಲಿಗೆ ದೀಪಗಳಿರುತ್ತವೆ. ಗುಂಡಿ ಒತ್ತಿದರೆ ಒಂದೊಂದು ತಂತಿಗೂ ಹಡಗಿನ ಮೈಗೂ ನಡುವೆ ಒಂದೊಂದು ದೀಪ ಉರಿಯುತ್ತದೆ. ಎಲ್ಲ ಸಮನಾಗಿ ಮಂದವಾಗಿದ್ದರೆ ಕ್ಷೇಮ. ಒಂದು ಕುಂದಿ ಇನ್ನೊಂದು ಪ್ರಖರವಾದರೆ ಎಲ್ಲೋ ಸೋರುತ್ತಿದೆ, ಹೋಗಿ ಹುಡುಕಬೇಕು. ಎರಡನೆಯ ಸೋರಿಕೆ ಹುಟ್ಟುವ ಮೊದಲು ಮೊದಲನೆಯದನ್ನು ಹಿಡಿಯಬೇಕು. ಅವರು ವಯಸ್ಸೆಲ್ಲ ಮಾಡಿದ್ದು ಅದನ್ನೇ.

ಮರಿಗಳು ಸತ್ತ ಮರುದಿನ ಅಪ್ಪ ಅಳಿಯನ ಡಬ್ಬಿ ತೆರೆದು ನೋಡಿ ಹೌಹಾರಿದರು. ನ್ಯೂಟ್ರಲ್ಲನ್ನು ಬೇಕೆಂದೇ ಅರ್ಥಿಗೆ ಕಟ್ಟಿದ್ದಾನೆ! ಹಡಗಿನಲ್ಲಿ ಅದನ್ನೇ ದೋಷ ಎಂದು ಕರೆದು ಅವರು ರಾತ್ರಿಯೆಲ್ಲ ಹುಡುಕುತ್ತಿದ್ದರು. ಮಗಳನ್ನು ಕರೆದು ತೋರಿಸಿದರು. ಬೀದಿ ಕರೆಂಟು ಇರುವಾಗ ನಮ್ಮ ಕೈಯಲ್ಲಿ ಏನೂ ಇಲ್ಲ. ನಮ್ಮದೇ ಕರೆಂಟಿನಲ್ಲಿ ನಿಂತಾಗಲಾದರೂ ಒಂದು ಹೀಟರಿಗಾಗಿ ಇಡೀ ಶೆಡ್ಡು ಸಾಯಬಾರದು. ಈ ಒಂದು ಹಸಿರು ತಂತಿ ಬಿಡಿಸಿ, ಬೋರ್ಡಿನಲ್ಲಿ ಎರಡು ದೀಪ ಕಟ್ಟಿಕೊಡುತ್ತೇನೆ, ಬೀದಿ ಕರೆಂಟು ಹೋದಾಗೆಲ್ಲ ಗಂಟೆಗೊಮ್ಮೆ ನಾನೇ ನೋಡುತ್ತೇನೆ ಎಂದರು. ಕೇಳುವ ದನಿಯಲ್ಲಿ ಹೇಳಿದರು. ಅಪ್ಪ ಅವಳನ್ನು ಏನಾದರೂ ಕೇಳಿದ್ದು ಅವಳಿಗೆ ನೆನಪಿರಲಿಲ್ಲ.

ಅವಳು ಹೂಂ ಎಂದಳು. ಗಂಡನಿಗೆ ಫೋನಿನಲ್ಲಿ ಹೇಳಲಿಲ್ಲ. ಬಂದ ಮೇಲೆ ಹೇಳಿದರಾಯಿತು ಎಂದುಕೊಂಡಳು, ಮಾವ ಅಳಿಯರ ನಡುವೆ ಫೋನಿನಲ್ಲಿ ಪಂಚಾಯಿತಿ ಯಾಕೆ ಎಂದು. ನಿಜ ಹೇಳಬೇಕೆಂದರೆ ತಂತಿ, ಗಂಟು ಯಾವುದನ್ನೂ ಅವಳು ಅಷ್ಟಾಗಿ ಯೋಚಿಸಿರಲಿಲ್ಲ. ಹಳೆಯ ತಂತಿದೀಪಗಳೇ ಬೇಕು, ಎಲ್‌ಇಡಿ ಆಗದು ಎಂದು ಅಪ್ಪ ಮೂರು ಅಂಗಡಿ ಅಲೆದು ಬಂದಿದ್ದರು. ಬೆಳಗ್ಗೆ ಶರ್ಟಿನ ಗುಂಡಿ ಹಾಕಿಕೊಂಡು, ತಲೆ ಬಾಚಿಕೊಂಡು ಶೆಡ್ಡಿನ ಕುರ್ಚಿಗೆ ಬಂದು ಕೂರುತ್ತಿದ್ದರು. ಅದನ್ನು ನೋಡುವುದೇ ಅವಳಿಗೆ ಸಾಕಾಗಿತ್ತು. ಕಣ್ಣಲ್ಲಿ ಎಣ್ಣೆ ಬಿಟ್ಟುಕೊಂಡು ಕಾಯುವ ಒಬ್ಬರು ಬೆನ್ನ ಹಿಂದೆ ಇದ್ದಾರೆಂದು ಅವಳು ದೀಪಗಳತ್ತ ತಿರುಗಿ ನೋಡುವುದನ್ನೂ ಬಿಟ್ಟಿದ್ದಳು.

ಈಗ ಅವಳು ಎದ್ದು, ಸ್ಟ್ಯಾಂಡುಗಳನ್ನು ಮುಟ್ಟದೆ, ತೊಟ್ಟಿಗಳ ನಡುವೆ ಮೈ ಹಿಡಿಯಾಗಿಸಿಕೊಂಡು ಬೋರ್ಡಿನವರೆಗೆ ಬಂದಳು. ಬೀದಿ ಕರೆಂಟು ಬೆಳಗ್ಗೆ ಹನ್ನೊಂದಕ್ಕೆ ಹೋದದ್ದು ಇನ್ನೂ ಬಂದಿರಲಿಲ್ಲ. ಅಪ್ಪ ಕುರ್ಚಿಯಿಂದ ಅರ್ಧ ಎದ್ದಿದ್ದರು.

"ಬಿದ್ಯಾ? ಪೆಟ್ಟಾಯ್ತಾ?"

"ಇಲ್ಲ. ಕೂತ್ಕೋ ಅಪ್ಪ," ಎಂದು ಅವಳು ಗುಂಡಿ ಒತ್ತಿದಳು.

ಎಡಗಡೆಯ ದೀಪದ ತಂತಿ ಬೂದಿ ಮುಚ್ಚಿದ ಕೆಂಡದಂತೆ, ಇದೆಯೋ ಇಲ್ಲವೋ ಎಂಬಷ್ಟು. ಬಲಗಡೆಯದು ಕಣ್ಣು ಕುಕ್ಕುವಷ್ಟು. ಶಾಲೆಯ ಮೆಟ್ಟಿಲು ಹತ್ತದ ಮಗು ಕೂಡ ದೂರದಿಂದಲೇ ಹೇಳಬಹುದಾಗಿತ್ತು. ಅವಳು ಬೆರಳು ತೆಗೆಯಲಿಲ್ಲ.

"ಅಪ್ಪ, ಇಲ್ಲಿ ನೋಡು. ಹೇಗಿದೆ?"

ಅಪ್ಪ ಹತ್ತಿರ ಬಂದರು. ಕತ್ತು ಮುಂದೆ ಮಾಡಿ, ರೆಪ್ಪೆ ಕಿರಿದು ಮಾಡಿ, ಅನುಭವಸ್ಥರು ನೋಡುವ ಹಾಗೆಯೇ ನೋಡಿದರು. ದೀಪದ ಬೆಳಕು ಅವರ ಮುಖದ ಒಂದು ಬದಿಗೆ ಮಾತ್ರ ಬಿದ್ದಿತ್ತು.

"ಎರಡೂ ಸಮ," ಎಂದರು.

ಅವಳಿಗೆ ನೀರಿನಲ್ಲಿ ತಗುಲಿದ್ದಕ್ಕಿಂತ ಇದು ಜೋರಾಗಿ ತಗುಲಿತು. ಆದರೆ ಆಗ ನಿಂತು ಯೋಚಿಸುವಂತಿರಲಿಲ್ಲ. ಅವಳು ಗುಂಡಿ ಬಿಟ್ಟು, ಶೆಡ್ಡಿನ ದೊಡ್ಡ ಸ್ವಿಚ್ಚನ್ನು ಇಳಿಸಿದಳು. ಎಲ್ಲ ತೊಟ್ಟಿಗಳಲ್ಲಿ ಗುಳ್ಳೆಗಳು ಒಮ್ಮೆಲೇ ನಿಂತವು. ಹೀಟರುಗಳ ಪ್ಲಗ್ಗನ್ನೆಲ್ಲ ಕೀಳುತ್ತ ಹೋದಳು. ಅಪ್ಪ ಏನು ಎತ್ತ ಎಂದು ಕೇಳುತ್ತ ಹಿಂದೆ ಹಿಂದೆ ಬಂದರು. ಒಂದು ಕಡೆ ಸೋರ್ತಿದೆ ಅಂತ ಅನುಮಾನ ಎಂದಷ್ಟೇ ಹೇಳಿದಳು. ಪಂಪುಗಳನ್ನು ಮಾತ್ರ ಉಳಿಸಿ ಮತ್ತೆ ಸ್ವಿಚ್ಚು ಏರಿಸಿದಳು. ಗುಳ್ಳೆಗಳು ಬಂದವು. ಗುಂಡಿ ಒತ್ತಿದಳು: ಎರಡೂ ಒಂದೇ ಹಳದಿ, ಒಂದೇ ಮಂದ.

ಹುಡುಕುವ ಬಗೆ ಅಪ್ಪನೇ ಕಲಿಸಿದ್ದು. ಒಂದು ಹೀಟರಿನ ಪ್ಲಗ್ಗು ಹಾಕು, ದೀಪ ನೋಡು, ಸರಿಯಿದ್ದರೆ ಮುಂದಿನದು. ಅವಳೇ ಹಾಕಿದಳು, ಅವಳೇ ನೋಡಿದಳು. ಒಂಬತ್ತನೆಯದನ್ನು ಹಾಕಿದಾಗ ಎಡಗಡೆಯ ದೀಪ ಕುಂದಿತು. ಕಿತ್ತಳು.

"ಸಿಕ್ತು, ಒಂಬತ್ತು. ಈಗ ಸಮ ಆಯ್ತು," ಎಂದಳು, ಬಾಯಿ ತಪ್ಪಿ.

ಅಪ್ಪ ತೊಟ್ಟಿಯ ಅಂಚಿನ ಮೇಲೆ ಕೈಯಿಟ್ಟುಕೊಂಡು ನಿಂತಿದ್ದರು. "ಈಗ ಅಂದ್ರೆ?" ಎಂದರು.

ಅವಳು ಪ್ಲಗ್ಗನ್ನು ಕೈಯಲ್ಲಿ ತಿರುವುತ್ತಿದ್ದಳು.

"ಮೂರು ಗಂಟೆಗೆ ನಾನು ನೋಡಿದ್ನಲ್ಲ. ಆಮೇಲೆ ನೀನು ತೋರಿಸಿದ್ಯಲ್ಲ. ಆಗ ಸಮ ಇರ್ಲಿಲ್ವಾ?"

"ಇರ್ಲಿಲ್ಲ ಅಪ್ಪ."

"ಎಷ್ಟು?"

"ಒಂದು ಪೂರ್ತಿ. ಇನ್ನೊಂದು ಇಲ್ಲವೇ ಇಲ್ಲ ಅನ್ನೋ ಹಾಗೆ."

ಅಪ್ಪ ತಿರುಗಿ ಬೋರ್ಡಿನ ಹತ್ತಿರ ಹೋಗಿ ಗುಂಡಿಯನ್ನು ಒತ್ತಿ ಹಿಡಿದರು. ಒಂದು ಕಣ್ಣಿಗೆ ಅಂಗೈ ಮುಚ್ಚಿ ನೋಡಿದರು, ಇನ್ನೊಂದಕ್ಕೆ ಮುಚ್ಚಿ ನೋಡಿದರು. ಆಮೇಲೆ ಗುಂಡಿ ಬಿಡದೆಯೇ, ಎಡಗೈಯ ಬೆರಳನ್ನು ಒಂದು ದೀಪದ ಗಾಜಿಗೆ ಮುಟ್ಟಿಸಿದರು, ಆಮೇಲೆ ಇನ್ನೊಂದಕ್ಕೆ, ಯಾವುದು ಎಷ್ಟು ಬಿಸಿಯೆಂದು.

"ನನಗೆ ಎರಡೂ ಸೇರಿ ಒಂದೇ ಬೆಳಕಾಗಿ ಕಾಣತ್ತೆ ಮಗಾ," ಎಂದರು. "ಮಂಜಿನಲ್ಲಿ ಬಂದರಿನ ದೀಪ ಕಾಣೋ ಹಾಗೆ. ಬೆಳಕಿದೆಯಲ್ಲ, ಮೊದಲಿನಷ್ಟೇ ಇದೆಯಲ್ಲ ಅಂತ ಸಮ ಅಂತಿದ್ದೆ."

"ಯಾವಾಗಿಂದ?"

"ಅದೇ ಗೊತ್ತಿಲ್ಲ. ಕಟ್ಟಿದ ದಿನ ಎರಡಾಗಿ ಕಂಡಿತ್ತು ಅನ್ಕೊಂಡಿದೀನಿ. ಎರಡು ಕಟ್ಟಿದ್ದು ನಾನೇ ಅಲ್ವಾ, ಅದಕ್ಕೆ ಎರಡು ಕಂಡಿರಬೇಕು."

ಅವರು ಅಳಲಿಲ್ಲ, ದನಿಯೂ ಒಡೆಯಲಿಲ್ಲ. ಮೀಟರೊಂದು ಕೆಟ್ಟಿದೆಯೆಂದು ವರದಿ ಕೊಡುವವರ ಹಾಗೆ ಹೇಳಿದರು. ಆಮೇಲೆ ನೀನು ಬಿದ್ದದ್ದು ಕಾಲು ಜಾರಿಯೇನಾ ಎಂದು ಕೇಳಿದರು. ಅವಳು ಸುಳ್ಳು ಹೇಳಬಹುದಿತ್ತು. ಹೇಳಲಿಲ್ಲ. ಕೈ ಎಲ್ಲಿತ್ತು, ಮೊಣಕೈ ಎಲ್ಲಿತ್ತು ಎಂದು ಅವರು ಒಂದೊಂದಾಗಿ ಕೇಳಿದರು, ಅವಳು ತೋರಿಸಿದಳು. ಹದಿನಾರನೇ ತೊಟ್ಟಿಯ ಸ್ಟೀಲ್ ಕಡ್ಡಿ ಎಲ್ಲಿ ಎಂದು ಕೇಳಿದಾಗ ಅವಳೇ ನಾಲಿಗೆ ಕಚ್ಚಿಕೊಂಡಳು. ಪಾಚಿ ಉಜ್ಜಲೆಂದು ಬೆಳಗ್ಗೆ ಕಿತ್ತು ಪಕ್ಕದ ಹಲಗೆಯ ಮೇಲಿಟ್ಟದ್ದು ಅಲ್ಲೇ ಇತ್ತು. ಆ ತೊಟ್ಟಿಯ ಹೀಟರನ್ನು ಎತ್ತಿ ನೋಡಿದರೆ ಗಾಜಿನ ಒಳಗೆಲ್ಲ ಹಬೆ ಕಟ್ಟಿ, ತಳದಲ್ಲಿ ಕೂದಲೆಳೆಯಷ್ಟು ಬಿರುಕು.

ಅಪ್ಪ ಕುರ್ಚಿಗೆ ಹೋಗಿ ಕೂತು ಕಣ್ಣು ಮುಚ್ಚಿಕೊಂಡು ಆ ದಾರಿಯನ್ನು ಬಾಯಲ್ಲೇ ಬಿಡಿಸಿದರು. ಒಂಬತ್ತರ ಹೀಟರಿನಿಂದ ಸೋರಿದ್ದು ಅಲ್ಲಿಯ ಕಡ್ಡಿಯಿಂದ ಅರ್ಥಿಂಗ್ ತಂತಿಗೆ. ಗಂಟು ಇಲ್ಲದ್ದರಿಂದ ಅದಕ್ಕೆ ಹಿಂದಿರುಗುವ ದಾರಿಯಿಲ್ಲ, ಹಾಗಾಗಿ ಯಾವುದೂ ಬೀಳಲಿಲ್ಲ. ಶೆಡ್ಡಿನ ಕಬ್ಬಿಣವೆಲ್ಲ ಸದ್ದಿಲ್ಲದೆ ಜೀವ ತುಂಬಿಕೊಂಡು ಕೂತಿತು. ಹದಿನಾರರ ಹೀಟರು ಆ ಹೊತ್ತಿಗೆ ಕಾಯುವುದನ್ನು ನಿಲ್ಲಿಸಿತ್ತು, ಒಳಗೆ ತಾಗಿಕೊಂಡಿದ್ದದ್ದು ಹಿಂದಿರುಗುವ ತಂತಿ ಮಾತ್ರ, ಅದರ ಬಿರುಕಿನಿಂದ ಆ ನೀರು ನ್ಯೂಟ್ರಲ್ಲಿಗೆ ಸೇರಿತ್ತು. ಕಬ್ಬಿಣಕ್ಕೂ ಆ ನೀರಿಗೂ ನಡುವೆ ಸೇತುವೆ ಇರಲಿಲ್ಲ. ಅವಳು ಮೊಣಕೈ ಆನಿಸಿ ಕೈ ಇಳಿಸಿದಾಗ ಸೇತುವೆ ಬಂತು. ಹೋದ ಕರೆಂಟೆಲ್ಲ ಅವಳ ಮೈ ಹಾಯ್ದು ಅದೇ ಸ್ವಿಚ್ಚಿನ ಮೂಲಕವೇ ವಾಪಸು ಬಂತು. ಹೋದಷ್ಟೂ ಬಂದಿತಲ್ಲ, ಸ್ವಿಚ್ಚಿನ ಪಾಲಿಗೆ ಎಲ್ಲ ಸುಸೂತ್ರ.

"ಎರಡನೇದು ಹುಟ್ಟೋ ಮೊದಲು ಮೊದಲನೇದನ್ನ ಹಿಡೀಬೇಕು," ಎಂದರು. "ನಾಲ್ಕು ಗಂಟೆಗೊಬ್ಬ ಬದಲಾಗ್ತಿದ್ವಿ ಅಲ್ಲಿ. ನಾನು ತಪ್ಪಿಸಿದ್ದನ್ನ ನನ್ನ ಮುಂದಿನೋನು ಹಿಡೀತಿದ್ದ."

ಅವಳಿಗೆ ಆಗ ಅನ್ನಿಸಿತು, ಅಪ್ಪನ ಪದ್ಧತಿ ತಪ್ಪಲ್ಲ. ಅದು ಇಡೀ ಒಂದು ಹಡಗನ್ನು ಬೇಡುತ್ತದೆ: ಸರದಿಯ ಮೇಲೆ ಬರುವ ಜನ, ಹೊಸ ಕಣ್ಣುಗಳು, ಒಬ್ಬ ಹೇಳಿದ್ದನ್ನು ಇನ್ನೊಬ್ಬ ಬಂದು ನೋಡುವ ರೂಢಿ. ತಾನು ಅದರಲ್ಲಿ ಎರಡು ದೀಪ ಮತ್ತು ಒಬ್ಬ ಮುದುಕನನ್ನು ಮಾತ್ರ ತಂದಿಟ್ಟುಕೊಂಡು, ಉಳಿದದ್ದು ತಾನಾಗಿ ಬರುತ್ತದೆಂದುಕೊಂಡಿದ್ದಳು. ಮುಂದಿನ ಸರದಿ ತನ್ನದಾಗಿತ್ತು. ತಾನು ಬೆನ್ನು ತಿರುಗಿಸಿ ನಿಂತಿದ್ದಳು.

ಗಂಡನಿಗೆ ಫೋನು ಮಾಡಿದಾಗ ಅವನು ಮೊದಲು ಕೈ ಹೇಗಿದೆ ಎಂದ. ಆಮೇಲೆ ಎದೆಯ ಡಾಕ್ಟರಿಗೆ ಈಗಲೇ ತೋರಿಸಿ ಬಾ ಎಂದ, ತೋರಿಸಿ ಬಂದೆ ಎಂದು ಫೋಟೋ ಕಳಿಸುವವರೆಗೆ ಬಿಡಲಿಲ್ಲ. ಹೃದಯ ಬಡಿತದ ಇಸಿಜಿ ಪಟ್ಟಿ ಸರಿಯಾಗಿಯೇ ಬಂತು. ಕಣ್ಣಿನ ವಿಚಾರ ಅವಳು ಫೋನಿನಲ್ಲಿ ಎತ್ತಲಿಲ್ಲ, ಅದು ಅಪ್ಪನೇ ಹೇಳಬೇಕಾದ ಮಾತು. ತಾನು ಬರುವವರೆಗೆ ಬೀದಿ ಕರೆಂಟು ಇಲ್ಲದಾಗ ನೀರಿಗೆ ಕೈ ಹಾಕಬೇಡ, ಹೀಟರು ಒಂದೂ ಬೇಡ ಎಂದು ಗಂಡ ಹೇಳಿದ. ಹೇಳದಿದ್ದರೂ ಅವಳು ಹಾಕುತ್ತಿರಲಿಲ್ಲ. ಆ ಸಂಜೆ ಕರೆಂಟು ಬಂದ ಮೇಲೂ, ಎಲ್ಲ ಸರಿಯಿದೆಯೆಂದು ತಿಳಿದಿದ್ದೂ, ಮೇವು ಹಾಕುವಾಗ ಅವಳ ಕೈ ನೀರಿನಿಂದ ಒಂದು ಗೇಣು ಮೇಲೆಯೇ ನಿಲ್ಲುತ್ತಿತ್ತು. ಹದಿನೆಂಟು ವರ್ಷದಿಂದ ದಿನವಿಡೀ ನೀರಿನಲ್ಲಿದ್ದ ಕೈ. ಈ ಭಯ ಹೋಗದಿದ್ದರೆ ಮೀನು ಸಾಕುವುದು ಮುಗಿಯಿತು ಎಂದು ಅವಳಿಗೆ ಗೊತ್ತಿತ್ತು. ಅಪ್ಪನಿಗೂ ಗೊತ್ತಿತ್ತೇನೋ. ಆ ಸಂಜೆ ಅವರು ಕುರ್ಚಿಯನ್ನು ಶೆಡ್ಡಿನಿಂದ ಎತ್ತಿಕೊಂಡು ಹೋಗಿ ಮುಂದಿನ ಕೋಣೆಯಲ್ಲಿಟ್ಟರು.

ಗಂಡ ಮರುದಿನ ಮಧ್ಯಾಹ್ನ ಬಂದ. ಚಪ್ಪಲಿ ಬಿಟ್ಟವನೇ ಮೆಟ್ಟಿಲ ಕೆಳಗೆ ಹೋಗಿ ಡಬ್ಬಿ ತೆರೆದ. ಮಾವ ಹಿಂದೆಯೇ ಬಂದು ನಿಂತರು, ಶಿಕ್ಷೆಗೆ ಬಂದವರಂತೆ ಅಲ್ಲ, ತನಿಖೆಗೆ ಬಂದವರಂತೆ. ಬಿಡಿಸಿದ ಹಸಿರು ತಂತಿಯ ತುದಿಗೆ ಅಚ್ಚುಕಟ್ಟಾಗಿ ಪ್ಲಾಸ್ಟಿಕ್ ತೋಳು ತೊಡಿಸಿ, ಮಡಚಿ, ದಾರ ಕಟ್ಟಿ ಇಡಲಾಗಿತ್ತು.

"ಏನ್ ಮಾವ ಇದು," ಎಂದ ಅವನು. "ನಾನು ಹಾಕಿದ್ದಕ್ಕಿಂತ ನೀವು ಬಿಚ್ಚಿದ್ದೇ ಚೆನ್ನಾಗಿದೆ."

"ಕಣ್ಣು ಕಾಣದೆ ಮಾಡಿದ್ದು ಅಳಿಯಂದ್ರೇ. ಕಂಡಿದ್ರೆ ಇನ್ನೂ ಚೆನ್ನಾಗಿ ಬಿಚ್ತಿದ್ದೆ."

ಅಳಿಯನಿಗೆ ಇದರಲ್ಲಿ ನಗು ಎಷ್ಟು, ನಿಜ ಎಷ್ಟು ಎಂದು ತಿಳಿಯಲಿಲ್ಲ. ಹೆಂಡತಿಯ ಮುಖ ನೋಡಿದ. ಅವಳು ಕಣ್ಣಲ್ಲೇ ಹೌದೆಂದಳು. ಅವನು ಹೇಳಬೇಕೆಂದು ದಾರಿಯುದ್ದಕ್ಕೂ ಬಸ್ಸಿನಲ್ಲಿ ಕಟ್ಟಿಕೊಂಡು ಬಂದಿದ್ದ ಮಾತುಗಳಲ್ಲಿ ಅರ್ಧಕ್ಕರ್ಧ ಅಲ್ಲೇ ಬಿದ್ದುಹೋದವು. ಉಳಿದದ್ದನ್ನು ಅವನು ಹೇಳದೆ ಬಿಡಲಿಲ್ಲ. ನನಗೊಂದು ಫೋನು ಮಾಡೋಕೆ ಆಗ್ಲಿಲ್ವಾ ಎಂದ, ಇಬ್ಬರನ್ನೂ ಸೇರಿಸಿ. ನೀವು ಹಡಗಿನಿಂದ ಇಳಿದು ಹನ್ನೆರಡು ವರ್ಷ ಆಯ್ತು ಮಾವ, ಹಡಗು ಮಾತ್ರ ನಿಮ್ಮಿಂದ ಇನ್ನೂ ಇಳಿದಿಲ್ಲ ಎಂದ.

ಅಪ್ಪ ಒಪ್ಪಿಕೊಂಡರು. ಆದರೆ ಆಗಸ್ಟ್ ತಿಂಗಳನ್ನು ಅವರು ಬಿಟ್ಟುಕೊಡಲಿಲ್ಲ. ಗಂಟು ಬೇಕು, ಸರಿ. ಸೋರಿದರೆ ಬೀಳಬೇಕು, ಅದೂ ಸರಿ. ಆದರೆ ಒಂದು ಹೀಟರು ಕೆಟ್ಟರೆ ನಲವತ್ತು ತೊಟ್ಟಿಯ ಗಾಳಿ ನಿಲ್ಲುವಂತೆ ಒಂದೇ ಸ್ವಿಚ್ಚಿಗೆ ಇಡೀ ಶೆಡ್ಡನ್ನು ಕಟ್ಟಿದವರು ಯಾರು ಎಂದು ಕೇಳಿದರು. "ಮಗಳು ಉಳೀಬೇಕು ಅಂತ ನೀವು ಮಾಡಿದ್ರಿ. ಮಗಳ ಕೆಲಸ ಉಳೀಬೇಕು ಅಂತ ನಾನು ಮಾಡ್ದೆ. ಇಬ್ರೂ ಅರ್ಧ ಅರ್ಧ ಮಾಡಿದೀವಿ."

ಅಳಿಯ ಸ್ಕ್ರೂಡ್ರೈವರಿನಿಂದ ಗಲ್ಲ ಕೆರೆದುಕೊಂಡ. ಬೋರ್ಡಿನಲ್ಲಿ ಜಾಗ ಇಲ್ಲ ಎಂದ. ಜಾಗ ಮಾಡಿ ಎಂದರು ಮಾವ. ಸ್ವಲ್ಪ ಹೊತ್ತು ಬೋರ್ಡು ನೋಡುತ್ತ ನಿಂತು, ಅವನು ಅಂಗಡಿಗೆ ಹೋಗಿ ಇನ್ನೂ ಮೂರು ಅಂಥದೇ ಸ್ವಿಚ್ಚು ತಂದ. ಸಾಲಿಗೊಂದು. ಒಂದು ಸಾಲಿನಲ್ಲಿ ಸೋರಿದರೆ ಆ ಸಾಲು ಮಾತ್ರ ನಿಲ್ಲುತ್ತದೆ. ನಿಂತ ಕೂಡಲೇ ಮನೆಯೊಳಗೆ ಕರೆಗಂಟೆಯೊಂದು ಕಿರ್ರೆನ್ನುತ್ತದೆ, ಸತ್ತವರೂ ಎದ್ದು ಕೂರುವಷ್ಟು. ಎಂಥ ಸದ್ದಿನ ಗಂಟೆ ಬೇಕೆಂದು ಆಯ್ಕೆ ಮಾಡುವ ಕೆಲಸ ಮಾವನಿಗೇ ಬಿಟ್ಟ. ಅವರು ಅಂಗಡಿಗೆ ಫೋನು ಮಾಡಿಸಿ, ಒಂದೊಂದನ್ನೂ ಬಾರಿಸಲು ಹೇಳಿ ಕೇಳಿಸಿಕೊಂಡು, ನಾಲ್ಕನೆಯದನ್ನು ಒಪ್ಪಿದರು.

ತಂತಿಯ ಕೆಲಸ ಎರಡು ದಿನ ನಡೆಯಿತು. ಸೂಕ್ಷ್ಮ ನೋಡುವುದನ್ನು ಅಳಿಯ ಮಾಡಿದ, ಸಿಪ್ಪೆ ಸುಲಿಯುವುದು, ತಿರುಚುವುದು, ಬಿಗಿ ಮಾಡುವುದನ್ನು ಮಾವ. ಅವರ ಹೆಬ್ಬೆರಳಿಗೆ ತಾಮ್ರದ ಒಂದೊಂದು ಎಳೆಯೂ ಗೊತ್ತಾಗುತ್ತಿತ್ತು. ಒಂದು ಎಳೆ ಹೊರಗುಳಿದರೆ ಕಣ್ಣಿರುವ ಅಳಿಯನಿಗೆ ಕಾಣುವ ಮೊದಲೇ ಅವರ ಉಗುರಿಗೆ ಸಿಗುತ್ತಿತ್ತು. ಸಾಲುಗಳ ನ್ಯೂಟ್ರಲ್ಲು ಒಂದಕ್ಕೊಂದು ಬೆರೆಯದಂತೆ ನಾಲ್ಕು ಬೇರೆ ಬೇರೆ ಹಿತ್ತಾಳೆ ಪಟ್ಟಿಗೆ ಒಯ್ಯಬೇಕಿತ್ತು, ಬೆರೆತರೆ ಸ್ವಿಚ್ಚುಗಳೆಲ್ಲ ಗುಂಪಾಗಿ ಬೀಳುತ್ತವೆ. ಅಳಿಯನೇ ಎರಡು ಸಲ ತಪ್ಪು ಪಟ್ಟಿಗೆ ಹಾಕಿ ಬಯ್ಯಿಸಿಕೊಂಡ. ಮೀನಕ್ಕ ತೊಟ್ಟಿಗಳ ಕಡ್ಡಿಗಳನ್ನು ಒಂದೂ ಬಿಡದೆ ಕೂರಿಸಿ, ಇನ್ನು ಮುಂದೆ ಕೀಳಲು ಬಾರದ ಹಾಗೆ ಅಂಚಿಗೆ ಕ್ಲಿಪ್ಪು ಹಾಕಿದಳು. ನಡುನಡುವೆ ಅಪ್ಪನಿಗೆ ಕಣ್ಣಿನ ಡಾಕ್ಟರ ಬಳಿ ಸಮಯ ಗೊತ್ತುಮಾಡಿದಳು. ಪೊರೆ ಬಂದಿರಬಹುದು, ತೆಗೆದರೆ ಸರಿಹೋಗುತ್ತದೆ ಎಂದು ಫೋನಿನಲ್ಲಿ ಅಲ್ಲಿಯ ಹೆಂಗಸು ಹೇಳಿದಳೆಂದಾಗ ಅಪ್ಪ, ನೋಡದೇನೇ ಹೇಳಿದ್ಲಾ, ಅವಳೂ ನನ್ನ ಹಾಗೇ ಎಂದರು.

ಗುರುವಾರ ಬೆಳಗ್ಗೆ ಕೊನೆಗೆ ಉಳಿದದ್ದು ಆ ಹಸಿರು ತಂತಿ. ಅಳಿಯ ಸ್ಕ್ರೂಡ್ರೈವರನ್ನು ತಿರುಗಿಸಿ ಹಿಡಿಯನ್ನು ಮಾವನ ಕಡೆ ಚಾಚಿದ. ಅಪ್ಪ ಅದರ ಪ್ಲಾಸ್ಟಿಕ್ ತೋಳು ಬಿಚ್ಚಿ, ತುದಿಯನ್ನು ಬೆರಳಲ್ಲಿ ಉಜ್ಜಿ, ರಿಲೇಯ ಬಾಯಿಗೆ ತಡಕದೆ ಕೂರಿಸಿ ತಿರುಪು ಬಿಗಿದರು. ಬಿಗಿದ ಮೇಲೆ ತಂತಿಯನ್ನು ಒಮ್ಮೆ ಜಗ್ಗಿ ನೋಡಿದರು. ಅಳಿಯ ಬೀದಿ ಕರೆಂಟಿನ ಮೇನು ಇಳಿಸಿದ. ಎರಡು ಇನ್ವರ್ಟರುಗಳ ಫ್ಯಾನು ಒಟ್ಟಿಗೆ ಎದ್ದವು, ಡಬ್ಬಿಯೊಳಗೆ ಟಕ್ ಎಂದಿತು. ನ್ಯೂಟ್ರಲ್ಲಿಗೂ ಅರ್ಥಿಗೂ ನಡುವೆ ಮೀಟರಿಟ್ಟು ನೋಡಿ ಅವನು ತಲೆಯಾಡಿಸಿದ, ಅರ್ಧ ವೋಲ್ಟೂ ಇಲ್ಲ.

ಆದರೆ ಮೀನಕ್ಕನಿಗೆ ಅದು ಸಾಲದಾಗಿತ್ತು. ಗಂಟು ಇದೆ ಎಂದು ತಿಳಿಯುವುದು ಬೇರೆ, ತನ್ನ ಕೈ ನೀರಿನಲ್ಲಿದ್ದಾಗ ಸ್ವಿಚ್ಚು ಎಷ್ಟು ಹೊತ್ತಿನಲ್ಲಿ ಬೀಳುತ್ತದೆ ಎಂದು ತಿಳಿಯುವುದು ಬೇರೆ. ಗಂಡನ ಚೀಲದಲ್ಲಿ ಅದನ್ನು ಅಳೆಯುವ ಹಳದಿ ಪೆಟ್ಟಿಗೆ ಇತ್ತು. ಪ್ಲಗ್ಗಿಗೆ ಸಿಕ್ಕಿಸಿ ಗುಂಡಿ ಒತ್ತಿದರೆ ಬೇಕೆಂದೇ ಮೂವತ್ತು ಮಿಲಿಆಂಪಿಯರ್ ನೆಲಕ್ಕೆ ಸೋರಿಸಿ, ಸ್ವಿಚ್ಚು ಎಷ್ಟರಲ್ಲಿ ಬಿತ್ತೆಂದು ಲೆಕ್ಕ ತೋರಿಸುತ್ತದೆ. ಮುನ್ನೂರು ಮಿಲಿಸೆಕೆಂಡಿನೊಳಗೆ ಬಿದ್ದರೆ ನಿಯಮದ ಪ್ರಕಾರ ಪಾಸು.

"ನೀನು ಒತ್ತು ಅಪ್ಪ," ಎಂದಳು. "ನಾನು ಓದ್ತೀನಿ."

"ಸರಿಯಾಗಿ ನೋಡಿ ಓದಬೇಕು. ಬೆಳಕಿದೆ ಅಂತ ಓದಬಾರದು."

ಮೊದಲು ಒಂದು ಸಾಲು ಬಿತ್ತು, ಗಂಟೆ ಕಿರ್ರೆಂದಿತು, ಗಂಡ ಮತ್ತೆ ಏರಿಸಿದ. ಇನ್ನೊಂದು ಸಾಲು ಬಿತ್ತು, ಮತ್ತೊಂದು ಬಿತ್ತು. ಒಂದು ಬಿದ್ದಾಗ ಉಳಿದ ಸಾಲುಗಳಲ್ಲಿ ಗುಳ್ಳೆಗಳು ಏಳುತ್ತಲೇ ಇದ್ದವು. ಅಪ್ಪ ಪ್ರತಿ ಸಲವೂ ಕತ್ತು ವಾಲಿಸಿ ಅದನ್ನು ಕೇಳಿಸಿಕೊಂಡರು. ಹದಿನಾರನೇ ತೊಟ್ಟಿಯಿದ್ದ ಸಾಲನ್ನು ಅವಳು ಕೊನೆಗೆ ಇಟ್ಟುಕೊಂಡಿದ್ದಳು. ಪೆಟ್ಟಿಗೆಯನ್ನು ಅಲ್ಲಿಯ ಪ್ಲಗ್ಗಿಗೆ ಹಾಕಿ, ಅಪ್ಪನ ಹೆಬ್ಬೆರಳನ್ನು ಗುಂಡಿಯ ಮೇಲಿಟ್ಟಳು. ಅಪ್ಪ ಒತ್ತಿದರು. ಸಾಲಿನ ಗುಳ್ಳೆಗಳು ನಿಂತವು.

"ಎಷ್ಟು?" ಎಂದರು ಅಪ್ಪ.

ಅವಳು ಪೆಟ್ಟಿಗೆಯನ್ನು ಕಿಟಕಿಯ ಬೆಳಕಿಗೆ ತಿರುಗಿಸಿ ಅಂಕೆಗಳನ್ನು ಓದಿದಳು. ಓದಿ ಗಂಡನಿಗೂ ತೋರಿಸಿದಳು, ಅವನೂ ಅದನ್ನೇ ಓದಿದ. ಆಮೇಲೆ ಅಪ್ಪನಿಗೆ ಗಟ್ಟಿಯಾಗಿ ಹೇಳಿದಳು: ಇಪ್ಪತ್ತೊಂದು ಮಿಲಿಸೆಕೆಂಡು.